ಕಲೆಯಕ್ಕನ ಗಾಜಿನ ತೊಟ್ಟಿ

ನಮ್ಮ ಎದುರು ಬಾಗಿಲಿನ ಅಕ್ಕನನ್ನು ಕಟ್ಟಡದವರೆಲ್ಲ ಕಲೆಯಕ್ಕ ಎಂದೇ ಕರೆಯುತ್ತಿದ್ದರು. ಹೊಸದಾಗಿ ಬಾಡಿಗೆಗೆ ಬಂದವರು ಈ ಹೆಸರು ಕೇಳಿ, ಇವರು ಹಾಡೋ ನಾಟ್ಯವೋ ಬಲ್ಲವರಿರಬೇಕು ಎಂದುಕೊಳ್ಳುವುದಿತ್ತು. ಕೆಳಮನೆಗೆ ಬಂದ ಒಬ್ಬ ತಾಯಿ ಮಗಳ ಕೈಹಿಡಿದು ಮಹಡಿ ಹತ್ತಿ ಬಂದು, "ಇವಳಿಗೂ ಸ್ವಲ್ಪ ಹೇಳ್ಕೊಡ್ತೀರಾ?" ಎಂದು ಕೇಳಿದ್ದರು. ಅಕ್ಕ ಮಗುವಿನ ಫ್ರಾಕನ್ನು ಮೇಲಿಂದ ಕೆಳಗೆ ನೋಡಿ, "ಇದು ಹಣ್ಣಿನ ರಸ. ಬಿಸಿನೀರು ಮಾತ್ರ ಹಾಕ್ಬೇಡಿ, ಕೂತ್ಬಿಡತ್ತೆ," ಎಂದರು.

ಬಟ್ಟೆಯ ಕಲೆ ತೆಗೆಯುವುದು ಅವರ ಕಸುಬು. ಬೀದಿಯ ಕೊನೆಯ ಲಾಂಡ್ರಿಯ ಹಿಂಭಾಗದಲ್ಲಿ, ಇಸ್ತ್ರಿಯ ಆವಿ ತುಂಬಿದ ಕೋಣೆಯಲ್ಲಿ, ತಗಡು ಹೊದಿಸಿದ ಉದ್ದ ಮೇಜೊಂದು ಅವರದಾಗಿತ್ತು. ಅಲ್ಲಿ ಸೀಸೆಗಳು, ಹಳೆಯ ಹಲ್ಲುಜ್ಜುವ ಬ್ರಷ್ಷುಗಳು, ಸುಣ್ಣದ ಪುಡಿ, ನಿಂಬೆಹಣ್ಣು. ಬಂದ ಬಟ್ಟೆಯನ್ನು ಬೆಳಕಿಗೆ ಹಿಡಿದು, ಮೂಸಿ, ಹೆಬ್ಬೆರಳಿನಿಂದ ಒಮ್ಮೆ ಸವರಿದರೆ ಸಾಕು, ಅದು ತುಕ್ಕೋ ಚಹಾವೋ ರಕ್ತವೋ ಅವರಿಗೆ ಗೊತ್ತಾಗುತ್ತಿತ್ತು. ಯಾರ ಮನೆಯಲ್ಲಿ ಏನು ನಡೆದಿದೆ ಎಂಬುದೂ ಎಷ್ಟೋ ಸಲ ಗೊತ್ತಾಗುತ್ತಿತ್ತು. ಆದರೆ ಆ ಬಾಯಿಂದ ಒಂದು ಮಾತೂ ಹೊರಗೆ ಬರುತ್ತಿರಲಿಲ್ಲ. ಗಿರಾಕಿಗಳಿಗೆ ಅದು ತಿಳಿದಿತ್ತು. ಅವರು ಕಲೆ ಎಂಬ ಮಾತನ್ನೇ ಎತ್ತುತ್ತಿರಲಿಲ್ಲ. ಬಟ್ಟೆ ಮಡಚಿ, ಆ ಜಾಗಕ್ಕೆ ಬೆರಳಿಟ್ಟು, ದನಿ ತಗ್ಗಿಸಿ, "ಇದೊಂದು ಸ್ವಲ್ಪ ನೋಡ್ಕೊಳ್ಳಿ," ಎನ್ನುತ್ತಿದ್ದರು. ಅಂಗಡಿಯ ಮುಂಭಾಗದಲ್ಲಿ ಬಟ್ಟೆ ತೆಗೆದುಕೊಳ್ಳುವವನು ಅದನ್ನು ಒಳಗೆ ಎಸೆದು, "ಅಕ್ಕಾ, ನೋಡ್ಕೋಬೇಕಂತೆ," ಎಂದು ಕೂಗುತ್ತಿದ್ದ. ಹೇಗಾಯಿತು ಎಂದು ಕೇಳದೆ, ಗುರುತೂ ಉಳಿಯದ ಹಾಗೆ ತೆಗೆದುಬಿಡಿ ಎಂಬುದು ಆ ಲಾಂಡ್ರಿಯಲ್ಲಿ ಆ ಮಾತಿನ ಅರ್ಥ.

ಕಲೆಯಕ್ಕ ಎಂಬ ಹೆಸರಿಟ್ಟವಳು ಅವರ ತಂಗಿ. ತಾಯಿ ತೀರಿಕೊಂಡಾಗ ಅಕ್ಕ ಶಾಲೆ ಬಿಟ್ಟು ಲಾಂಡ್ರಿ ಸೇರಿದ್ದರು; ಇನ್ನೂ ಹಾಲುಹಲ್ಲು ಉದುರದ ತಂಗಿಯನ್ನು ಒಗೆಯುವ ಬಟ್ಟೆಯ ರಾಶಿಯ ಮೇಲೆ ಮಲಗಿಸಿ ಕೆಲಸ ಮಾಡುತ್ತಿದ್ದರಂತೆ. ಆ ತಂಗಿ ಬೆಳೆದು ಬಸ್ ಕಂಡಕ್ಟರ್ ಆದಳು. ಅಕ್ಕನ ಬಾಯಲ್ಲಿ ಇಲ್ಲದ ಮಾತೆಲ್ಲ ತಂಗಿಯ ಬಾಯಲ್ಲಿ ಇತ್ತು. ಅವಳು ಮೆಟ್ಟಿಲು ಹತ್ತಿ ಬರುವಾಗಲೇ, "ನಡೀರಿ, ನಡೀರಿ, ಹಿಂದೆ ಜಾಗ ಇದೆ," ಎಂದು ಮಹಡಿಯ ಮಕ್ಕಳನ್ನೆಲ್ಲ ಸರಿಸಿಕೊಂಡು ಬರುತ್ತಿದ್ದಳು. ಅವಳೂ ನಾನೂ ಒಂದೇ ವಯಸ್ಸಿನವರು. ಅಕ್ಕನ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಅರ್ಧ ಅವಳು ಹೇಳಿದ್ದು.

"ಒಬ್ರು ಮೇಷ್ಟ್ರು ಇದ್ರು ಕಣೇ," ಎಂದು ಒಮ್ಮೆ ಅವಳು ಅಕ್ಕನ ಎದುರಿಗೇ ಶುರುಮಾಡಿದಳು. "ವಾರವಾರ ಶರ್ಟಿಗೆ ಇಂಕು ಮಾಡ್ಕೊಂಡು ಬರೋರು. ಬೇಕಂತಲೇ ಸುರ್ಕೊಳ್ಳೋರು. ಇಡೀ ಬೀದಿಗೆ ಗೊತ್ತಾಗಿತ್ತು. ನಮ್ಮಕ್ಕ ಏನಂದ್ಲು ಗೊತ್ತಾ? 'ಸಾರ್, ಪೆನ್ನು ಬದಲಾಯಿಸಿ.'"

"ಸೋರೋ ಪೆನ್ನು ಇಟ್ಕೊಂಡ್ರೆ ಇನ್ನೇನು ಹೇಳಕ್ಕಾಗತ್ತೆ?" ಎಂದರು ಅಕ್ಕ.

"ಅವ್ರ ಮನಸ್ಸು ಸೋರ್ತಾ ಇತ್ತಕ್ಕಾ."

ಅಕ್ಕ ತಿರುಗಿ ಪಾತ್ರೆ ಉಜ್ಜತೊಡಗಿದರು. ಮೊದಲೇ ಉಜ್ಜಿಟ್ಟಿದ್ದ ಪಾತ್ರೆ ಅದು. ಆ ಕೈಗಳು ಸುಮ್ಮನಿದ್ದುದನ್ನು ನಾನು ನೋಡಿದ್ದಿಲ್ಲ. ಮಾತಾಡುವಾಗಲೂ ಸೆರಗಿನ ಅಂಚನ್ನೋ ಮೇಜಿನ ಮೂಲೆಯನ್ನೋ ಹೆಬ್ಬೆರಳು ಉಜ್ಜುತ್ತಲೇ ಇರುತ್ತಿತ್ತು.

ತಂಗಿಗೆ ಕಾಯಿಲೆ ಶುರುವಾದದ್ದು ಒಣಕೆಮ್ಮಿನಿಂದ. ಬಸ್ಸಿನ ಧೂಳು ಎಂದುಕೊಂಡೆವು. ಆಮೇಲೆ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲತೊಡಗಿದಳು. ಮಕ್ಕಳು, "ನಡೀರಿ, ಹಿಂದೆ ಜಾಗ ಇದೆ," ಎಂದು ಅವಳನ್ನೇ ಅಣಕಿಸಿದರೆ ನಗಲೂ ಉಸಿರಿರುತ್ತಿರಲಿಲ್ಲ. ಒಣಗಿದ ಸ್ಪಂಜಿನ ಹಾಗೆ ಶ್ವಾಸಕೋಶ ಗಟ್ಟಿಯಾಗುತ್ತಿದೆ, ಅದನ್ನು ಮತ್ತೆ ಮೆತ್ತಗೆ ಮಾಡುವ ಔಷಧಿ ಇಲ್ಲ ಎಂದರು ಡಾಕ್ಟರು. ಅಕ್ಕ ಮಾತ್ರ ಕೇಳಿದ್ದರು: "ನೆನೆಹಾಕಿದ್ರೂ ಆಗಲ್ವಾ?"

ಕಿಟಕಿಯ ಪಕ್ಕದ ಮಂಚಕ್ಕೆ ತಂಗಿ ಬಂದಳು, ಮಂಚದ ಪಕ್ಕಕ್ಕೆ ಬಾಡಿಗೆಯ ಆಕ್ಸಿಜನ್ ಯಂತ್ರ ಬಂತು. ಮೊಣಕಾಲೆತ್ತರದ, ಗಾಲಿಯಿದ್ದ ಡಬ್ಬಿ ಅದು. ಕೋಣೆಯ ಗಾಳಿಯನ್ನೇ ಎಳೆದು, ಸೋಸಿ, ಸಣ್ಣ ಪೈಪಿನಲ್ಲಿ ಅವಳ ಮೂಗಿಗೆ ಕಳಿಸುತ್ತಿತ್ತು. ದೂರದಲ್ಲೆಲ್ಲೋ ಲಾರಿಯೊಂದು ಏರು ಹತ್ತುತ್ತಿರುವ ಹಾಗೆ ಅದರ ಸದ್ದು. ಗೋಡೆಯಾಚೆ ನಮ್ಮ ಮನೆಯಲ್ಲೂ ಕೇಳುತ್ತಿತ್ತು. ನಾನು ದೇವರ ಮುಂದೆ ಕಣ್ಣುಮುಚ್ಚಿ ಕೂತರೆ ಆ ಸದ್ದೇ ಮೊದಲು ಬರುತ್ತಿತ್ತು.

"ಈ ಗಾಡಿ ಯಾವ ಸ್ಟಾಪಲ್ಲೂ ನಿಲ್ಲಲ್ಲ ಕಣೇ," ಎನ್ನುತ್ತಿದ್ದಳು ಅವಳು. "ಇಳೀಬೇಕು ಅಂದ್ರೆ ಹಾರೋದೇ."

ಒಂದು ಸಲ ನಾನೂ ಅವರ ಜೊತೆ ಡಾಕ್ಟರ ಬಳಿ ಹೋಗಿದ್ದೆ. ಕಾಯುವ ಕೋಣೆಯಲ್ಲಿ ದೊಡ್ಡ ಮೀನಿನ ತೊಟ್ಟಿ ಇತ್ತು. ಮೂಲೆಯಲ್ಲಿ ನೀರು ಸೋಸುವ ಫಿಲ್ಟರ್, ಪಕ್ಕದಲ್ಲಿ ನೀರು ಬೆಚ್ಚಗಿಡುವ ಗಾಜಿನ ಕಡ್ಡಿ, ನಡುವೆ ಗುಳ್ಳೆ ಬಿಡುವ ಪೈಪು. ಗಿಡಗಳು ಪ್ಲಾಸ್ಟಿಕ್ಕಿನವು. ತಂಗಿ ಅದನ್ನೇ ನೋಡುತ್ತ ಕೂತಿದ್ದಳು. "ಪಾಪ, ಅವಕ್ಕೂ ನನ್ ಹಾಗೇ ಪೈಪು," ಎಂದಳು.

ಮನೆಗೆ ಬಂದ ಮೇಲೆ ಅಕ್ಕನಿಗೆ ಹೇಳಿದಳು: "ಅಕ್ಕಾ, ಮೆಷಿನ್ ಇಲ್ದೆ ಮೀನು ಬದುಕೋ ಹಾಗೆ ಮಾಡಕ್ಕಾಗತ್ತಂತೆ. ನಮ್ಮ ಡಿಪೋದಲ್ಲಿ ಡ್ರೈವರೊಬ್ರು ಹೇಳ್ತಿದ್ರು, ಬರೀ ಮಣ್ಣು, ಗಿಡ, ನೀರು, ಬಿಸಿಲು ಅಂತ. ಉಸಿರಾಡೋದು ಅಂದ್ರೆ ಹೇಗಿರತ್ತೆ ಅಂತ ನಂಗೆ ಮರ್ತೇ ಹೋಗಿದೆ. ಕಣ್ಣಲ್ಲಾದ್ರೂ ನೋಡ್ತೀನಿ."

ಸಂಬಳ ಬರತೊಡಗಿದ ಮೇಲೆ ಆ ತಂಗಿ ಅಕ್ಕನ ಬಳಿ ಏನನ್ನೂ ಕೇಳಿರಲಿಲ್ಲ. ಅಕ್ಕ ಆ ದಿನವೇ ಚಪ್ಪಲಿ ಮೆಟ್ಟಿ ಹೊರಟರು. ನನ್ನನ್ನೂ ಕರೆದರು.

"ಮೀನು ಬೇಕಿತ್ತು," ಎಂದರು ಮೀನಿನ ತೊಟ್ಟಿ ಮಾರುವ ಅಂಗಡಿಯಲ್ಲಿ.

ಅಂಗಡಿಯವರು ಕನ್ನಡಕದ ಮೇಲಿಂದ ನೋಡಿದರು. "ತಿನ್ನೋಕೋ, ನೋಡೋಕೋ? ತಿನ್ನೋಕಾದ್ರೆ ಹಿಂದಿನ ರಸ್ತೆ."

"ನೋಡೋಕೆ. ಮೆಷಿನ್ ಮಾತ್ರ ಬೇಡ."

"ಯಾವ ಮೆಷಿನ್ನು?"

"ಯಾವುದೂ. ಸೋಸೋದೂ ಬೇಡ, ಬಿಸಿ ಮಾಡೋದೂ ಬೇಡ, ಗುಳ್ಳೆ ಬಿಡೋದೂ ಬೇಡ."

"ಹಾಗಾದ್ರೆ ಒಂದು ಒಳ್ಳೇ ಮೀನಿನ ಫೋಟೋ ಕೊಡ್ತೀನಿ, ಗೋಡೆಗೆ ಹಾಕ್ಕೊಳ್ಳಿ."

ಅಕ್ಕ ನಗಲಿಲ್ಲ, ಕದಲಲೂ ಇಲ್ಲ. "ಮನೇಲಿ ಆಗ್ಲೇ ಒಂದು ಓಡ್ತಾ ಇದೆ. ನನ್ ತಂಗಿಗೆ. ಇನ್ನೊಂದು ಬೇಡ ಅಂತಾಳೆ," ಎಂದರು.

ಅಂಗಡಿಯವರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ನಮ್ಮನ್ನು ಒಳಗೆ ಕರೆದು, ಗುಂಯ್ ಎನ್ನುವ ತೊಟ್ಟಿಗಳನ್ನೆಲ್ಲ ದಾಟಿಸಿ, ಹಿಂದಿನ ಕಿಟಕಿಯ ಬಳಿ ಒಂದು ಸಣ್ಣ ಚೌಕ ಗಾಜಿನ ತೊಟ್ಟಿ ತೋರಿಸಿದರು. ಅದರೊಳಗೆ ಹುಲ್ಲು ಕಾಡಿನ ಹಾಗೆ ಬೆಳೆದಿತ್ತು. ನಡುವೆ ಮೀನುಗಳು ಸುಳಿದಾಡುತ್ತಿದ್ದವು. ಪೈಪಿಲ್ಲ, ತಂತಿಯಿಲ್ಲ, ಸದ್ದಿಲ್ಲ.

"ತಳಕ್ಕೆ ತೋಟದ ಮಣ್ಣು, ಗೊಬ್ಬರ ಸೇರಿಸದ್ದು, ಜರಡಿ ಹಿಡಿದು ಹಾಕಿ," ಎಂದರು. "ಅದು ಮೇಲೆ ಏಳದ ಹಾಗೆ ತೊಳೆದ ದಪ್ಪ ಮರಳು ಮುಚ್ಚಿ. ಗಿಡ ಮೊದಲ ದಿನವೇ ಒತ್ತೊತ್ತಾಗಿ ನೆಡಿ, ಜಿಪುಣತನ ಮಾಡ್ಬೇಡಿ. ಗಿಡ ಬೇರು ಹಿಡಿದು ಹೊಸ ಎಲೆ ಬಿಟ್ಟ ಮೇಲೇ ಮೀನು. ನಲ್ಲಿ ನೀರು ನೇರ ಸುರೀಬೇಡಿ, ಅದ್ರಲ್ಲಿ ಔಷಧಿ ಇರತ್ತೆ. ಬಕೆಟ್ಟಲ್ಲಿ ಒಂದಿನ ಬಿಟ್ಟು ಹಾಕಿ."

"ಎಷ್ಟು ದಿನಕ್ಕೊಂದು ಸಲ ತೊಳೀಬೇಕು?"

"ತೊಳೆಯೋದೇ ಇಲ್ಲ."

ಅಕ್ಕ ನನ್ನ ಮುಖ ನೋಡಿದರು. "ಮತ್ತೆ ಕೊಳೆ?"

"ಕೊಳೆನೇ ಗಿಡಕ್ಕೆ ಊಟ ಅಮ್ಮಾ. ಮೀನು ಬಿಟ್ಟ ಕೊಳೆ ಗಿಡ ತಿನ್ನತ್ತೆ, ಗಿಡ ಬಿಟ್ಟ ಉಸಿರು ಮೀನು ತಗೊಳ್ಳತ್ತೆ. ನಡುವೆ ನಿಮ್ಮ ಕೈಗೆ ಕೆಲಸ ಇಲ್ಲ. ಆರಿದಷ್ಟು ನೀರು ಹಾಕಿ, ಚಿಟಿಕೆ ತಿಂಡಿ ಹಾಕಿ, ಕೂತು ನೋಡಿ."

ದಾರಿಯುದ್ದಕ್ಕೂ ಅಕ್ಕ ಎರಡೇ ಮಾತಾಡಿದ್ದು. ಮೊದಲು, "ಕೊಳೆನೇ ಊಟ ಅಂತೆ." ಮನೆಯ ಬಾಗಿಲಲ್ಲಿ ಮತ್ತೆ, "ಕೊಳೆನೇ ಊಟ ಅಂತೆ ನೋಡು."

ತೊಟ್ಟಿ ಕಿಟಕಿಯ ಕಟ್ಟೆಯ ಮೇಲೆ ಕೂತಿತು. ಅಕ್ಕ ಪತ್ರಿಕೆಯ ಹಾಳೆ ಹರಡಿ ಮಣ್ಣು ಜರಡಿ ಹಿಡಿದರು. ಬೇರಿನ ಚೂರು, ಕಡ್ಡಿ, ಕಲ್ಲು ಎಲ್ಲ ಆರಿಸಿ, ನೀರು ಚಿಮುಕಿಸಿ, ಮೆತ್ತಗೆ ಕಲಸಿ ತಳಕ್ಕೆ ಹರಡಿದರು. ಗಾಜಿಗೆ ಕಪ್ಪು ಮೆತ್ತಿದಾಗ ಅವರ ಮುಖ ನೋಡಬೇಕಿತ್ತು.

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನಿನ್ ಮುಖ ಯಾಕಕ್ಕಾ ಹುಳಿ ಮೊಸರಾಗಿದೆ?" ಎಂದಳು ತಂಗಿ ಮಂಚದಿಂದ.

"ಜೀವಮಾನವೆಲ್ಲ ಮಣ್ಣು ತೆಗೆದೋಳು ನಾನು. ಈಗ ಗಾಜಿನೊಳಗೆ ಇಟ್ಟು ಚೆಂದ ನೋಡು ಅಂತೀಯ."

"ಒಂದ್ಸಲ ಪಾಪ ಮಾಡು. ದೇವ್ರು ಕ್ಷಮಿಸ್ತಾನೆ. ಅಲ್ವೇನೇ?" ಎಂದು ನನ್ನ ಕಡೆ ತಿರುಗಿದಳು. ಅವಳ ದೇವರ ಲೆಕ್ಕವೆಲ್ಲ ನನ್ನ ಮೂಲಕವೇ ನಡೆಯುತ್ತಿತ್ತು.

ಮಣ್ಣಿನ ಮೇಲೆ ಮರಳು, ಮರಳಿನ ಮೇಲೆ ಊಟದ ತಟ್ಟೆಯೊಂದನ್ನು ಇಟ್ಟು, ಆ ತಟ್ಟೆಯ ಮೇಲೆ ಲೋಟದಿಂದ ನಿಧಾನವಾಗಿ ನೀರು ಸುರಿದರು. ಮಣ್ಣು ಏಳಬಾರದೆಂದು. ಅರ್ಧ ತುಂಬಿದಾಗ ಗಿಡ ನೆಟ್ಟರು: ರಿಬ್ಬನ್ನಿನಂಥ ಉದ್ದ ಹುಲ್ಲು, ಶಾಲೆಯ ಪಾಠದಲ್ಲಿ ಬರುವ ಹೈಡ್ರಿಲ್ಲಾ, ಮೇಲೆ ತೇಲಲು ಅಂತರಗಂಗೆಯ ಪುಟ್ಟ ಮರಿಗಳು. ಎಷ್ಟು ಜೋಪಾನ ಮಾಡಿದರೂ ನೀರು ಹಾಲಿಲ್ಲದ ಚಹಾದ ಬಣ್ಣಕ್ಕೆ ಬಂತು. ಅಕ್ಕ ಒರೆಸುವ ಬಟ್ಟೆ ಹಿಡಿದು ಅದರ ಸುತ್ತಲೇ ಸುಳಿಯುತ್ತಿದ್ದರು.

"ಅಕ್ಕಾ, ಕೈ ಕಟ್ಕೋ," ಎನ್ನುತ್ತಿದ್ದಳು ತಂಗಿ.

ನೀರು ತಾನಾಗಿಯೇ ತಿಳಿಯಾಯಿತು. ಹುಲ್ಲಿನ ಬುಡದಿಂದ ಎಳೆ ಹಸಿರು ನಾಲಿಗೆಗಳು ಎದ್ದವು. ಅಂಗಡಿಯವರು ಒಂದು ಚೀಲದಲ್ಲಿ ಸಣ್ಣ ಗಪ್ಪಿ ಮೀನುಗಳನ್ನು ಕೊಟ್ಟರು. ಅವು ತೊಟ್ಟಿಗಿಳಿದ ದಿನ ತಂಗಿ ದಿಂಬಿಗೆ ಒರಗಿ, ಮೂಗಿನ ಪೈಪು ಸರಿಮಾಡಿಕೊಂಡು, ಟಿಕೆಟ್ ಕೇಳತೊಡಗಿದಳು. ಬಾಲ ಕೆಂಪಗಿದ್ದವನು ಪಾಸಿನ ಹುಡುಗ. ಒಂದೇ ಮೂಲೆಯಲ್ಲಿ ನಿಲ್ಲುವವಳು ಕಿಟಕಿ ಸೀಟಿನ ಅಜ್ಜಿ. ಹೊಟ್ಟೆ ದಪ್ಪವಾದ ಒಂದನ್ನು ಕಂಡು, "ಏಳಪ್ಪ, ಬಸುರಿಗೆ ಜಾಗ ಬಿಡು," ಎಂದು ಪಾಸಿನ ಹುಡುಗನಿಗೆ ಬೈದಳು. ಉಸಿರು ಸಿಕ್ಕಿಕೊಂಡು ಮಾತು ನಿಲ್ಲುತ್ತಿತ್ತು. ನಿಂತು ಮತ್ತೆ ಬೈಯುತ್ತಿದ್ದಳು.

ಮಧ್ಯಾಹ್ನದ ಬಿಸಿಲು ತೊಟ್ಟಿಗೆ ಬಿದ್ದಾಗ ಹುಲ್ಲಿನ ಎಲೆಗಳಿಂದ ಸೂಜಿಮೊನೆಯಷ್ಟು ಗುಳ್ಳೆಗಳು ಸಾಲಾಗಿ ಮೇಲೇಳುತ್ತಿದ್ದವು. ಮೊದಲ ಸಲ ಅದನ್ನು ಕಂಡಾಗ ಅವಳು ನನ್ನ ಕೈ ಒತ್ತಿ ಹಿಡಿದಳು. ಯಂತ್ರ ಪಕ್ಕದಲ್ಲಿ ಏರು ಹತ್ತುತ್ತಲೇ ಇತ್ತು.

"ನೋಡೇ, ಹುಲ್ಲು ಉಸಿರು ಬಿಡ್ತಾ ಇದೆ," ಎಂದಳು. "ಯಾರೂ ಕೇಳ್ದೆ, ಅದರ ಪಾಡಿಗೆ ಅದು."

ಅಕ್ಕನಿಗೆ ಕಾಣುತ್ತಿದ್ದದ್ದು ಬೇರೆ. ಬಿಸಿಲು ಬೀಳುವ ಬದಿಯ ಗಾಜಿನ ಮೇಲೆ ಹಸಿರು ಪಾಚಿಯ ತೆಳು ಪೊರೆ ಕಟ್ಟುತ್ತಿತ್ತು. ಕಸ ಗುಡಿಸುವಾಗ, ಗುಳಿಗೆ ಕೊಡುವಾಗ, ದಿಂಬು ತಿರುಗಿಸುವಾಗ ಅವರ ಕಣ್ಣು ಅಲ್ಲಿಗೇ ಹೋಗುತ್ತಿತ್ತು. "ಇರ್ಲಿ ಬಿಡಕ್ಕಾ, ಬಸ್ಸಿನ ಗಾಜು ಯಾವತ್ತು ಚೊಕ್ಕಟ ಇತ್ತು?" ಎಂದು ತಂಗಿ ನಗುತ್ತಿದ್ದಳು. ಅಕ್ಕನ ಹೆಬ್ಬೆರಳು ಸೆರಗನ್ನು ಉಜ್ಜುತ್ತಿತ್ತು.

ತಂಗಿಗೆ ಜ್ವರ ಬಂತು. ಉಸಿರು ಯಂತ್ರಕ್ಕೂ ಎಟುಕದಂತಾಯಿತು. ಆಂಬುಲೆನ್ಸಿನವರು ಬಂದು ಬಾಯಿಗೂ ಮೂಗಿಗೂ ಮಾಸ್ಕ್ ಕಟ್ಟಿ, ಕುರ್ಚಿಯಲ್ಲಿ ಕೂರಿಸಿ ಹೊತ್ತರು. ಬಾಗಿಲು ದಾಟುವ ಮುಂಚೆ ಅವಳು ಕೈಯೆತ್ತಿ ನಿಲ್ಲಿಸಿದಳು. ಕಿಟಕಿಯ ಕಡೆ ಬೆರಳು ಮಾಡಿ, ಮಾಸ್ಕಿನೊಳಗಿಂದ ತುಂಡು ತುಂಡಾಗಿ ಹೇಳಿದ್ದನ್ನು ನಾನೂ ಕೇಳಿಸಿಕೊಂಡೆ.

"ಅಕ್ಕಾ... ಅದನ್ನ... ನೋಡ್ಕೋ."

"ನೋಡ್ಕೋತೀನಿ ಪುಟ್ಟೀ," ಎಂದರು ಅಕ್ಕ.

ಆಮೇಲೆ ನಡೆದದ್ದನ್ನು ಅಕ್ಕ ನನಗೆ ಎಷ್ಟೋ ಸಲ ಹೇಳಿದ್ದಾರೆ. ಪ್ರತಿ ಸಲವೂ ಒಂದೇ ಕ್ರಮದಲ್ಲಿ, ಒಂದು ಮಾತೂ ಬಿಡದೆ. ಆಸ್ಪತ್ರೆಯಿಂದ ಬಂದು ಖಾಲಿ ಮಂಚ ನೋಡಲಾರದೆ ಅವರು ತೊಟ್ಟಿಯ ಮುಂದೆ ನಿಲ್ಲುತ್ತಿದ್ದರು. ಪಾಚಿ ಗಾಜಿನ ಅರ್ಧಕ್ಕೆ ಹಬ್ಬಿತ್ತು. ಆ ಬದಿಯಿಂದ ಮೀನುಗಳು ಮಂಜಿನೊಳಗಿದ್ದ ಹಾಗೆ ಕಾಣುತ್ತಿದ್ದವು. ತಂಗಿಯ ಜ್ವರ ಇಳಿದಿದೆ, ಇನ್ನೇನು ಮನೆಗೆ ಕಳಿಸುತ್ತೇವೆ ಎಂದು ನರ್ಸ್ ಹೇಳಿದ ದಿನ ಅಕ್ಕ ಲಾಂಡ್ರಿಯಿಂದ ಪುಡಿಯ ಪೊಟ್ಟಣವನ್ನೂ ಬ್ರಷ್ಷನ್ನೂ ತಂದರು.

ಮೀನುಗಳನ್ನು ಬೋಗುಣಿಗೆ ಹಾಕಿದರು. ಗಿಡಗಳನ್ನು ಕಿತ್ತು ಒಂದೊಂದೇ ಎಲೆಯನ್ನು ಬೆರಳುಗಳ ನಡುವೆ ಹಿಡಿದು ಉಜ್ಜಿದರು. ಮರಳನ್ನು ಬಿಸಿನೀರಿನಲ್ಲಿ ಜಾಲಿಸಿದರು. ಮಣ್ಣನ್ನು ಹೊರಗೆ ಮರದ ಬುಡಕ್ಕೆ ಸುರಿದು ಬಂದರು. ಇಷ್ಟು ಕಪ್ಪಗಿದ್ದದ್ದು ಇನ್ನು ಏಕೆ ಬೇಕು, ಮರಳೊಂದೇ ಸಾಕು ಎನ್ನಿಸಿತಂತೆ. ಗಾಜನ್ನು ಪುಡಿ ಹಾಕಿ ತಿಕ್ಕಿ, ತೊಳೆದು, ಮೂಸಿ, ಮತ್ತೆ ತೊಳೆದರು. ಎಲ್ಲ ಮುಗಿದು ನಲ್ಲಿಯ ತಿಳಿನೀರು ತುಂಬಿ ಮೀನು ಬಿಟ್ಟಾಗ, ಮದುವೆಗೆ ಒಗೆದ ಅಂಗಿಯ ಹಾಗೆ ಹೊಳೆಯುತ್ತಿತ್ತಂತೆ. "ಅವಳು ಬಂದು ನೋಡಿದ್ರೆ ಎಷ್ಟು ಖುಷಿಪಡ್ತಾಳೆ ಅಂದ್ಕೊಂಡು ಮಲಗಿದೆ," ಎಂದು ಪ್ರತಿ ಸಲವೂ ಮುಗಿಸುತ್ತಾರೆ.

ಬೆಳಿಗ್ಗೆ ಅವರು ನನ್ನ ಬಾಗಿಲು ತಟ್ಟಿದರು. "ಒಂಚೂರು ಬಾಮ್ಮ," ಎಂದರು.

ನೀರು ಎಷ್ಟು ತಿಳಿಯಾಗಿತ್ತೆಂದರೆ ತೊಟ್ಟಿ ಖಾಲಿ ಇದೆಯೇನೋ ಎನ್ನಿಸಿತು. ಮೀನುಗಳು ಪಕ್ಕಕ್ಕೆ ವಾಲಿ ಮೇಲೆ ತೇಲುತ್ತಿದ್ದವು. ಬಸುರಿಯೂ, ಪಾಸಿನ ಹುಡುಗನೂ, ಅಜ್ಜಿಯೂ. ಅಕ್ಕ ನನ್ನನ್ನು ಕೇಳಿದರು, ನಿಜವಾಗಿ ಉತ್ತರ ಬೇಕೆಂದೇ ಕೇಳಿದರು: "ಇಷ್ಟು ಚೊಕ್ಕಟ ನೀರಲ್ಲಿ ಹೇಗಮ್ಮ ಸತ್ವು?"

ಮೀನಿನ ಅಂಗಡಿಯವರು ಬೈಯಲಿಲ್ಲ. ಕೇಳಿ ಮುಗಿಸಿ, "ಅವು ಬದುಕಿದ್ದೇ ಆ ಕೊಳೇಲಿ ಅಮ್ಮಾ," ಎಂದರು. ಅಂಥವೇ ಮೀನು ಕೊಡಿ, ಬಾಲ ಕೆಂಪಗಿರುವುದು ಒಂದು, ಬಸುರಿ ಒಂದು ಎಂದು ಅಕ್ಕ ಬೇಡಿಕೊಂಡರು. "ಕೊಟ್ರೆ ಇವೂ ಹೋಗ್ತವೆ. ನಾಳೆ ನಿಮ್ಮ ತಂಗಿ ಕಣ್ಣೆದುರಿಗೇ ಹೋಗ್ತವೆ. ಅದು ಬೇಡ." ನಾವು ಬರಿಗೈಯಲ್ಲಿ ಬಂದೆವು.

ತಂಗಿಯನ್ನು ಮನೆಗೆ ಕಳಿಸಿದರು. ಗುಣವಾಗಿದೆಯೆಂದು ಕಳಿಸಿದ್ದಲ್ಲ; ಇಲ್ಲಿ ಮಾಡುವುದನ್ನು ಮನೆಯಲ್ಲೇ ಮಾಡಬಹುದು ಎಂದರಂತೆ. ಅದರ ಅರ್ಥ ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಮಂಚದ ಮೇಲೆ ಮಲಗಿಸಿ ಪೈಪು ಹಾಕಿದ ಮೇಲೆ ಅವಳು ಕಿಟಕಿಯ ಕಡೆ ತಿರುಗಿದಳು.

"ಬಸ್ಸು ಯಾಕಕ್ಕಾ ಖಾಲಿ?"

ಅಕ್ಕ ಗೋಡೆಗೆ ಒರಗಿ ನಿಂತಿದ್ದರು. "ನೀನೇ ನೋಡ್ಕೋ ಅಂದ್ಯಲ್ಲ ಪುಟ್ಟೀ."

ತಂಗಿಗೆ ಅರ್ಥವಾಗಲು ಕ್ಷಣ ಹಿಡಿಯಿತು. ಲಾಂಡ್ರಿಯ ಬಟ್ಟೆರಾಶಿಯ ಮೇಲೆ ಬೆಳೆದವಳು. ಅಲ್ಲಿ ಆ ಮಾತಿಗೆ ಏನರ್ಥವೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ.

"ನೋಡ್ಕೋ ಅಂದ್ರೆ ಕಣ್ಣಲ್ಲಿ ನೋಡ್ಕೋ ಅಂತ ಅಕ್ಕಾ. ಕಣ್ಣಲ್ಲಿ." ಉಸಿರು ಎಳೆದುಕೊಂಡಳು. "ಇರೋದು ಅದೊಂದೇ ಆಗಿತ್ತು ನಂಗೆ. ನನ್ನನ್ನೂ ಒಂದಿನ ಹೀಗೇ ತಿಕ್ಕಿ ಒಗ್ದು ಮಡಚಿಟ್ಬಿಡು."

ಅವಳು ಅಕ್ಕನಿಗೆ ಹಾಗೆ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಮಗ್ಗುಲು ಬದಲಿಸಿ ಗೋಡೆಯ ಕಡೆ ಮುಖ ಮಾಡಿದಳು. ಅಕ್ಕ ಅಡುಗೆಕೋಣೆಗೆ ಹೋದರು. ಪಾತ್ರೆಯ ಸದ್ದು ಬರಲಿಲ್ಲ. ನಾನು ಮನೆಗೆ ಬಂದು ದೇವರ ಮುಂದೆ ಕೂತೆ. ಏನು ಬೇಡಬೇಕೆಂದು ತಿಳಿಯದಾಗ ನಾನು ಬರಿದೇ ಅವನ ಹೆಸರು ಹೇಳುತ್ತ ಕೂರುತ್ತೇನೆ. ಆ ದಿನ ಹೆಸರೂ ಸರಿಯಾಗಿ ಬರಲಿಲ್ಲ.

ಮರುದಿನ ನಾನು ಹೋದಾಗ ತಂಗಿ ಎಚ್ಚರವಾಗಿದ್ದಳು. ಅಕ್ಕ ಮಂಚದ ಕಾಲಬುಡದಲ್ಲಿ ನೆಲದ ಮೇಲೆ ಕೂತಿದ್ದರು. ಅವರಿಬ್ಬರ ನಡುವೆ ಏನು ನಡೆಯಿತೋ ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ. ತಂಗಿ ನನ್ನನ್ನು ಕಂಡು, "ನಮ್ಮಕ್ಕ ಮಣ್ಣು ತರ್ಬೇಕಂತೆ. ಜೊತೆಗೆ ಹೋಗೇ. ಒಬ್ಳೇ ಬಿಟ್ರೆ ಮಣ್ಣನ್ನೂ ಒಗ್ದು ತರ್ತಾಳೆ," ಎಂದಳು.

ಅಕ್ಕ ನಕ್ಕರು. ನಗುತ್ತಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಮತ್ತೆ ಜರಡಿ, ಮತ್ತೆ ಮರಳು, ಮತ್ತೆ ತಟ್ಟೆಯ ಮೇಲೆ ಲೋಟದ ನೀರು. ತಂಗಿಗೆ ಈ ಸಲ ದಿಂಬಿಗೆ ಒರಗಲು ಆಗುತ್ತಿರಲಿಲ್ಲ. ಮಲಗಿದಲ್ಲಿಂದಲೇ ಬೆರಳೆತ್ತಿ, ಈ ಗಿಡ ಅಲ್ಲಿಗೆ, ಆ ಗಿಡ ಇಲ್ಲಿಗೆ ಎನ್ನುತ್ತಿದ್ದಳು. ಅಂಗಡಿಯವರು ತಮ್ಮ ತೊಟ್ಟಿಯಿಂದಲೇ ಬೇರುಸಹಿತ ಹುಲ್ಲು ಕಿತ್ತುಕೊಟ್ಟಿದ್ದರು. ನೀರು ಮತ್ತೆ ಚಹಾದ ಬಣ್ಣಕ್ಕೆ ಬಂತು. ಈ ಸಲ ಅಕ್ಕ ಒರೆಸುವ ಬಟ್ಟೆ ಹಿಡಿಯಲಿಲ್ಲ.

ಆದರೆ ಕಾಯುವುದು ಅವರಿಂದಾಗಲಿಲ್ಲ. ಮೆಟ್ಟಿಲ ಮೇಲೆ ನನ್ನನ್ನು ತಡೆದು ಕೇಳಿದರು: "ಗಿಡ ಬೇರು ಹಿಡಿಯೋ ತನಕ ಇವಳು ಇರ್ತಾಳೇನಮ್ಮ?" ಅಂದೇ ಅವರು ಹೋಗಿ ಮೀನು ತಂದರು. ಏನು ಹೇಳಿ ಆ ಅಂಗಡಿಯವರನ್ನು ಒಪ್ಪಿಸಿದರೋ. ನೀರು ತುಂಬಿದ ಚೀಲವನ್ನು ಬೆಳಕಿಗೆ ಹಿಡಿದು ತಂಗಿಗೆ ತೋರಿಸಿದರು. ಕೆಂಪು ಬಾಲದ್ದೂ ಒಂದಿತ್ತು.

ತಂಗಿ ಅವನ್ನು ಕಣ್ತುಂಬ ನೋಡಿದಳು. ಆಮೇಲೆ ತಲೆಯಾಡಿಸಿದಳು.

"ವಾಪಸ್ ಕೊಟ್ಟು ಬಾ."

"ಪುಟ್ಟೀ, ಒಂದೆರಡು ದಿನನಾದ್ರೂ ನೀನ್ ನೋಡ್ಲಿ ಅಂತ..."

"ಗಿಡಕ್ಕೇ ಇನ್ನೂ ಉಸಿರು ಬಂದಿಲ್ಲ. ಇವಕ್ಕೆಲ್ಲಿಂದ ಕೊಡತ್ತೆ?" ಪ್ರತಿ ಮಾತಿಗೂ ನಿಂತು ಗಾಳಿ ಎಳೆದುಕೊಳ್ಳುತ್ತಿದ್ದಳು. "ಉಸಿರಿಗೆ ಒದ್ದಾಡೋದು ಹೇಗಿರತ್ತೆ ಅಂತ ನಂಗೊತ್ತು ಅಕ್ಕಾ. ನನ್ ಸಲುವಾಗಿ ಅವಕ್ಕೆ ಅದು ಬೇಡ."

ಅಕ್ಕ ಚೀಲ ಹಿಡಿದು ಮತ್ತೆ ಮೆಟ್ಟಿಲಿಳಿದರು.

ಹೀಗಾಗಿ ಆ ತೊಟ್ಟಿಯಲ್ಲಿ ಮೀನಿರಲಿಲ್ಲ. ನೀರು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ತಿಳಿಯಾಗುತ್ತಿತ್ತು. ತಂಗಿ ಹೆಚ್ಚಿನ ಹೊತ್ತು ಕಣ್ಣುಮುಚ್ಚಿರುತ್ತಿದ್ದಳು. ತೆರೆದಾಗ ಅಲ್ಲಿಗೇ ನೋಡುತ್ತಿದ್ದಳು. ಒಂದು ಮಧ್ಯಾಹ್ನ ನನ್ನ ಕಡೆ ತಿರುಗಿ ಏನೋ ಹೇಳಲು ತುಟಿ ಆಡಿಸಿದಳು. ಬಗ್ಗಿ ಕಿವಿಯಿಟ್ಟೆ.

"ಟಿಕೆಟ್ ಇಲ್ದೆ... ಒಬ್ಬ ಹತ್ತಿದಾನೆ."

ಹುಡುಕಿ ನೋಡಿದರೆ ಹುಲ್ಲಿನ ಎಲೆಯ ಹಿಂದೆ ಸಾಸಿವೆಗಿಂತ ತುಸು ದೊಡ್ಡದಾದ ಬಸವನಹುಳು. ಗಿಡದ ಬೇರಿಗೆ ಅಂಟಿಕೊಂಡು ಅಂಗಡಿಯಿಂದ ಬಂದಿರಬೇಕು. ಅದು ಗಾಜಿಗೆ ದಾಟಿ, ಆಗತಾನೆ ಕಟ್ಟತೊಡಗಿದ್ದ ಪಾಚಿಯ ಪೊರೆಯನ್ನು ತಿನ್ನುತ್ತ, ಹಿಂದೆ ಕೂದಲೆಳೆಯಷ್ಟು ತೆಳುವಾದ ಚೊಕ್ಕಟ ದಾರಿ ಬಿಟ್ಟುಕೊಂಡು ಹೋಗುತ್ತಿತ್ತು. ಅಕ್ಕನನ್ನು ಕರೆದೆ. ಮೂವರೂ ನೋಡಿದೆವು. ನೀರಿನ ಅಂಚಿಗೆ ಬಂದು, ಗಾಳಿ ತೆಗೆದುಕೊಂಡು, ಮತ್ತೆ ಕೆಳಗಿಳಿಯಿತು.

"ಇಳಿಸ್ಲಾ?" ಎಂದರು ಅಕ್ಕ. ಅಷ್ಟು ವರ್ಷಗಳಲ್ಲಿ ಅವರು ತಮಾಷೆ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ತಂಗಿ ಬೇಡವೆಂದು ಬೆರಳಾಡಿಸಿದಳು. ಮುಖದಲ್ಲಿ ನಗು ಇತ್ತು.

ಅವಳು ಹೋದದ್ದೂ ಅಂಥದೇ ಒಂದು ಮಧ್ಯಾಹ್ನ, ಬಿಸಿಲು ಕೋಣೆಯೊಳಗೆ ಇದ್ದಾಗ. ಅಕ್ಕ ಅವಳ ಕೈ ಹಿಡಿದು ಕೂತಿದ್ದರು. ಉಜ್ಜುತ್ತಿರಲಿಲ್ಲ, ಬರಿದೇ ಹಿಡಿದಿದ್ದರು. ಉಸಿರುಗಳ ನಡುವಿನ ಬಿಡುವು ದೊಡ್ಡದಾಗುತ್ತ ಹೋಗಿ, ಒಂದು ಬಿಡುವು ಮುಗಿಯಲಿಲ್ಲ. ನಮಗೆ ಅದು ತಿಳಿಯಲು ಹೊತ್ತು ಹಿಡಿಯಿತು, ಯಂತ್ರ ಓಡುತ್ತಲೇ ಇದ್ದುದರಿಂದ. ಕೊನೆಗೆ ಅಕ್ಕನೇ ಎದ್ದು ಗುಂಡಿ ಒತ್ತಿದರು. ಎಷ್ಟೋ ಕಾಲದ ಮೇಲೆ ಆ ಕೋಣೆಯಲ್ಲಿ ಬೀದಿಯ ಸದ್ದು ಕೇಳಿಸಿತು. ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು.

ಜನ ಬಂದರು, ಹೋದರು. ಡಿಪೋದವರು ಖಾಕಿಯಲ್ಲೇ ಬಂದು ಮೆಟ್ಟಿಲ ಮೇಲೆ ಸಾಲಾಗಿ ನಿಂತಿದ್ದರು. ಎಲ್ಲ ಮುಗಿದ ಮೇಲೆ ಯಂತ್ರದ ಬಾಡಿಗೆಯವನು ಅದನ್ನು ಒಯ್ಯಲು ಬಂದ. ಒಳ್ಳೆಯ ಮನುಷ್ಯ, ಬಾಗಿಲಲ್ಲೇ ನಿಂತು, "ಆಮೇಲೆ ಬೇಕಾದ್ರೂ ಬರ್ತೀನಮ್ಮ," ಎಂದ. ಅಕ್ಕ ಒಳಗೆ ಬಾ ಎಂದರು. ನಾನು ಮೂಲೆ ಗುಡಿಸಿ ಜಾಗ ಮಾಡಿಕೊಟ್ಟೆ.

"ಓಡತ್ತಾ ಅಂತ ಒಂದ್ಸಲ ಹಾಕಿ ನೋಡ್ಬೇಕಮ್ಮ, ಬೇಜಾರ್ ಮಾಡ್ಕೋಬೇಡಿ," ಎಂದು ಅವನು ಗುಂಡಿ ಒತ್ತಿದ.

ಲಾರಿ ಮತ್ತೆ ಏರು ಹತ್ತತೊಡಗಿತು. ಅದರ ಸದ್ದು ಕೋಣೆ ತುಂಬಿತು. ಅಡುಗೆಕೋಣೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ ನಡೆದು ಬಂದು ಮಂಚದ ಅಂಚಿನಲ್ಲಿ ಕೂತರು. ಅವನು ಗಾಳಿಯ ಅಳತೆ ನೋಡಿ, ಸರಿಯಾಗಿದೆ ಎಂದು ತಲೆಯಾಡಿಸಿ, ಆರಿಸಲು ಕೈಚಾಚಿದ.

"ಇರ್ಲಿ ಬಿಡಪ್ಪ," ಎಂದರು ಅಕ್ಕ. "ಸ್ವಲ್ಪ ಹೊತ್ತು."

ಅವನು ನನ್ನ ಮುಖ ನೋಡಿದ. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡು, ಗೋಡೆಗೆ ಒರಗಿ ನೆಲದ ಮೇಲೆ ಕೂತ. ಪೈಪಿನ ತುದಿ ಹಾಸಿಗೆಯ ಮೇಲೆ ಬಿದ್ದಿತ್ತು. ಅಕ್ಕ ಅದನ್ನೆತ್ತಿ, ಬರುವ ಗಾಳಿ ತಾಗುವ ಹಾಗೆ, ಅಂಗೈಯಲ್ಲಿ ಹಿಡಿದುಕೊಂಡು ಕೂತರು.